ನಮ್ಮ ಹುಣ್ಣಿಮೆ ಮೇಡಂ

ಯಾರೇ ಆಗಲಿ ಎದುರಿಗೆ ಕೂತು ‘ಹೀಗಾಗಿದ್ದಕ್ಕೇ ಹಾಗಾಯಿತು’ ಎಂದರೆ ಸಾಕು, ವನಜಾಕ್ಷಿ ಮೇಡಂ ಕನ್ನಡಕವನ್ನು ಹಣೆಯ ಮೇಲೆ ಏರಿಸುತ್ತಿದ್ದರು. ಅದು ಪ್ರಶ್ನೆ ಬರುವ ಸೂಚನೆ. ಕುರುಬರಹಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಅವರು ಬಾಡಿಗೆಗಿದ್ದರು; ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಒಂಟಿ ಜೀವ. ಒಂದು ಬೆಳಿಗ್ಗೆ ನಮ್ಮಮ್ಮ, ಬೆಕ್ಕು ಅಡ್ಡ ಬಂದದ್ದಕ್ಕೇ ಹಾಲು ಒಡೆಯಿತೆಂದು ಗೊಣಗುತ್ತಿದ್ದಳು. ಕನ್ನಡಕ ಮೇಲೇರಿತು.

“ಬೆಕ್ಕು ಅಡ್ಡ ಬಂದೂ ಹಾಲು ಒಡೀದೇ ಇದ್ದ ದಿನ ಎಷ್ಟು ಸಾವಿತ್ರಮ್ಮ? ಅದನ್ನ ಯಾರು ಎಣಿಸ್ತಾರೆ?”

ಅಮ್ಮ ಅವತ್ತಿಡೀ ಅವರಿಗೆ ಕಾಫಿ ಕೊಡಲಿಲ್ಲ. ಮರುದಿನ ತಾನೇ ಕರೆದು ಕೊಟ್ಟಳು.

ಇಂಥ ಮೇಡಂಗೂ ಒಂದು ಹುಚ್ಚಿತ್ತು. ಹುಣ್ಣಿಮೆಗೂ ಭೂಕಂಪಕ್ಕೂ ನಂಟಿದೆ ಎಂದು ಅವರು ನಂಬಿದ್ದರು. ಚಂದ್ರ ಸಮುದ್ರವನ್ನು ಉಬ್ಬಿಸುವಂತೆ ನೆಲವನ್ನೂ ಎಳೆಯುತ್ತಾನೆ, ನಮಗೆ ತಿಳಿಯುವುದಿಲ್ಲ ಅಷ್ಟೆ. ಸೂರ್ಯನೂ ಅದೇ ಸಾಲಿಗೆ ಬಂದಾಗ ಆ ಎಳೆತ ಹೆಚ್ಚು. ಒಳಗೆ ಬಿಗಿದು ಕೂತ ಬಂಡೆ ಆಗಲೇ ಏಕೆ ಜಾರಬಾರದು ಎನ್ನುವುದು ಅವರ ವಾದ. ಜಗತ್ತಿನ ಭೂಕಂಪಗಳನ್ನೆಲ್ಲ ಕಂಪ್ಯೂಟರಿನಲ್ಲಿ ತಿಥಿವಾರು ಜೋಡಿಸಿದ್ದರು. ತಿಥಿಗೊಂದು ಕಂಬದಂತೆ ಬರೆದ ಚಿತ್ರದಲ್ಲಿ ಹುಣ್ಣಿಮೆಯ ಕಂಬ ಮಿಕ್ಕೆಲ್ಲವನ್ನೂ ಮೀರಿ ಎದ್ದು ನಿಂತಿತ್ತು. ಪಾರ್ಕಿಗೆ ವಾಕಿಂಗ್ ಬರುವವರಿಗೆಲ್ಲ ಮೊಬೈಲಿನಲ್ಲಿ ಅದನ್ನು ತೋರಿಸಿ ತೋರಿಸಿ ಅವರು ಸುತ್ತಮುತ್ತ ಹುಣ್ಣಿಮೆ ಮೇಡಂ ಎಂದೇ ಹೆಸರಾದರು. ಸಿಟ್ಟೇನೂ ಮಾಡಿಕೊಳ್ಳಲಿಲ್ಲ. ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದರು.

ನನ್ನ ತಂಗಿ ಲತಾಳ ಮದುವೆ ಇಲ್ಲೇ ಬೆಂಗಳೂರಿನ ಉಲ್ಲಾಳದ ಹುಡುಗನ ಜೊತೆ ಗೊತ್ತಾಗಿತ್ತು. ಗಂಡಿನ ಅಜ್ಜಿ ತೀರಿಕೊಂಡು ಅದು ಒಮ್ಮೆ ಮುಂದಕ್ಕೆ ಹೋಯಿತು. ಎರಡನೇ ಮುಹೂರ್ತ ಸಿಕ್ಕಿದ್ದು ಒಂದು ಹುಣ್ಣಿಮೆಯ ದಿನ. ಪತ್ರಿಕೆ ಅಚ್ಚಾಗಿ ಬಂದಾಗ, ನಡುಮನೆಯಲ್ಲಿ ಕೂತು ಮೂಲೆಗಳಿಗೆ ಅರಿಶಿನ ಹಚ್ಚಲು ಮೇಡಂ ಕೂಡ ಇಳಿದು ಬಂದರು. ಇಷ್ಟೇ ಪತ್ರಿಕೆಗೆ ಅಷ್ಟು ದೊಡ್ಡ ಅಡುಗೆ ಏಕೆಂದು ಕೇಳಿದರು. ಅಮ್ಮ ತಲೆ ಎತ್ತದೆ ಹೇಳಿದಳು:

“ಪತ್ರಿಕೆ ಮನೆಗೊಂದು ಮೇಡಂ, ಬರೋದು ಮನೆಮಂದಿಯೆಲ್ಲ. ನಾಯಂಡಹಳ್ಳಿ ಚಿಕ್ಕಪ್ಪನ ಮನೆಯವರೇ ಒಂದು ಟೆಂಪೋ ತುಂಬ ಬರ್ತಾರೆ. ಬಂದ ತಲೆ ಎಣಿಸಿ, ಅಷ್ಟು ಮನೆ ಕರೆದ್ವಿ ಅನ್ನೋಕಾಗುತ್ತಾ?”

ಮೇಡಂ ಅವರ ಅರಿಶಿನದ ಬೆರಳು ಅಲ್ಲೇ ನಿಂತಿತು. ಕನ್ನಡಕ ಹಣೆಗೇರಿತು, ಹಣೆಗೂ ಅರಿಶಿನವಾಯಿತು. ಅರ್ಧ ಕುಡಿದ ಕಾಫಿಯನ್ನು ಹಾಗೇ ಬಿಟ್ಟು ಮಹಡಿ ಹತ್ತಿದರು.

ಕೆಲವು ದಿನ ಅವರ ಮುಖ ಕಾಣಲಿಲ್ಲ. ಆಮೇಲೆ ಬಂದು ವಿವರಿಸಿದರು. ಒಂದು ದೊಡ್ಡ ಭೂಕಂಪವಾದರೆ ಅದರ ಬೆನ್ನಿಗೇ ಸಣ್ಣಪುಟ್ಟವು ಸಾಲುಗಟ್ಟಿ ಬರುತ್ತವೆ. ಮೇಡಂ ಅವನ್ನೆಲ್ಲ ಬೇರೆ ಬೇರೆ ಎಂದು ಎಣಿಸಿದ್ದರು. ಹುಣ್ಣಿಮೆಯ ಹತ್ತಿರ ದೊಡ್ಡದೊಂದು ಬಿದ್ದರೆ ಅದರ ಮನೆಮಂದಿಯೆಲ್ಲ ಹುಣ್ಣಿಮೆಯ ಲೆಕ್ಕಕ್ಕೇ ಸೇರಿಬಿಟ್ಟಿತ್ತು. ಮನೆಗೊಂದರಂತೆ ಎಣಿಸಿದಾಗ ಆ ಎತ್ತರದ ಕಂಬ ಕುಸಿದು ಅಕ್ಕಪಕ್ಕದವುಗಳ ಸಮಕ್ಕೆ ಬಂತು. ಇಷ್ಟು ವರ್ಷದ ಶ್ರಮ ನೀರಿನಲ್ಲಿ ಹೋಮವಾಯಿತಲ್ಲ ಎಂದು ನನಗೆ ಸಂಕಟ. ಅವರ ಮುಖದಲ್ಲೋ ಮದುಮಗಳ ಕಳೆ. “ಸಾವಿತ್ರಮ್ಮ, ನಿಮ್ಮ ಟೆಂಪೋ ನನ್ನ ಹುಣ್ಣಿಮೆನ ನುಂಗಿಬಿಡ್ತು” ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮದುವೆಗೆ ವಾರವಿದೆ ಎನ್ನುವಾಗ ಟಿವಿಯಲ್ಲಿ ಯಾರೋ ಭವಿಷ್ಯ ಹೇಳುವವರು, ಈ ಹುಣ್ಣಿಮೆಗೆ ಬೆಂಗಳೂರು ನಡುಗುತ್ತದೆ ಎಂದುಬಿಟ್ಟರು. ವಾಟ್ಸಾಪು ಸುಮ್ಮನಿರುತ್ತದೆಯೇ? ಸಂಜೆಗೆಲ್ಲ ಉಲ್ಲಾಳದಿಂದ ಫೋನು. ಗಂಡಿನ ದೊಡ್ಡಪ್ಪ ಬೆಟ್ಟೇಗೌಡರು, ಅಷ್ಟು ಜನರನ್ನು ಛತ್ರದೊಳಗೆ ಕೂರಿಸುವುದು ಬೇಡ, ಮದುವೆ ಮುಂದಕ್ಕೆ ಹಾಕೋಣ ಎಂದರು. ಅವರ ಆಧಾರ ಟಿವಿಯಲ್ಲ, ನಮ್ಮ ಮೇಡಮ್ಮೇ. ಹೆಣ್ಣು ನೋಡಲು ಬಂದಿದ್ದಾಗ ಗೌಡರನ್ನು ಕೂರಿಸಿಕೊಂಡು ಆ ಕಂಬ ತೋರಿಸಿದ್ದರು. ಒಮ್ಮೆ ಮುಂದೆ ಹೋದ ಮದುವೆ ಇನ್ನೊಮ್ಮೆ ಹೋದರೆ ಜನ ಹುಡುಗಿಯಲ್ಲೇ ಐಬು ಹುಡುಕುತ್ತಾರೆ. ಲತಾ ಬಾಗಿಲು ಹಾಕಿಕೊಂಡು ಕೂತಳು. ಅಮ್ಮ ಒಲೆ ಹಚ್ಚಲಿಲ್ಲ.

ಮರುದಿನ ಬೆಳಿಗ್ಗೆ ಮೇಡಂ ಒಳ್ಳೆಯ ಸೀರೆ ಉಟ್ಟು ಬಂದು ನನಗೆ ಸ್ಕೂಟರ್ ತೆಗೆಯಲು ಹೇಳಿದರು.

ಗೌಡರ ಮನೆಯಲ್ಲಿ ಹಿರಿಯರೆಲ್ಲ ಸೇರಿದ್ದರು. ಕೂತುಕೊಳ್ಳಿ ಎಂದರೂ ಮೇಡಂ ಕೂರಲಿಲ್ಲ. ಪಾಠ ಮಾಡುವ ದನಿಯಲ್ಲೇ ಹೇಳಿದರು: “ಗೌಡ್ರೇ, ಅವತ್ತು ನಾನು ನಿಮಗೆ ತೋರಿಸಿದ್ದು ತಪ್ಪು. ಒಂದೇ ಮನೆಯವರನ್ನ ಹತ್ತಾರು ಮನೆ ಅಂತ ಎಣಿಸಿಬಿಟ್ಟಿದ್ದೆ.” ಪತ್ರಿಕೆ, ಟೆಂಪೋ, ಚಿಕ್ಕಪ್ಪ ಎಲ್ಲ ಬಂತು. ಚಂದ್ರನ ಎಳೆತ ಸುಳ್ಳಲ್ಲ, ಜಾರುವ ಹಂತಕ್ಕೆ ಬಂದಿರುವ ಬಂಡೆಯನ್ನು ಅದು ಒಂಚೂರು ತಳ್ಳಲೂಬಹುದು, ಆದರೆ ಅದನ್ನು ಹಿಡಿದುಕೊಂಡು ಇಂಥ ಊರು ಇಂಥ ದಿನ ಎನ್ನಲು ಯಾರಿಂದಲೂ ಆಗದು ಎಂದರು.

“ಹಂಗಾದ್ರೆ ಅವತ್ತು ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ ಮೇಡಂ?”

“ಯಾವ ದಿನಕ್ಕೂ ಕೊಡಲ್ಲ. ಆ ದಿನ ಬೇರೆ ದಿನಕ್ಕಿಂತ ಕೆಟ್ಟದ್ದಲ್ಲ, ಅಷ್ಟೇ. ಹುಡುಗಿ ಬಗ್ಗೆ ಬೇಕಾದ್ರೆ ಗ್ಯಾರಂಟಿ ಕೊಡ್ತೀನಿ, ತಗೊಳ್ಳಿ.”

ಗೌಡರು ಮೀಸೆ ಸವರಿದರು. ಟಿವಿಯವರು ಇದುವರೆಗೆ ಎಷ್ಟೋ ಹೇಳಿದ್ದಾರೆ, ತಪ್ಪಾಯಿತು ಎನ್ನಲು ಒಬ್ಬರೂ ಮನೆಬಾಗಿಲಿಗೆ ಬಂದಿಲ್ಲ ಎಂದರು. ಆಮೇಲೆ ಒಳಗೆ ತಿರುಗಿ, ಮೇಡಂಗೆ ಮಜ್ಜಿಗೆ ತರಲು ಕೂಗಿದರು. ನಾನು ಅಲ್ಲಿಂದಲೇ ಅಮ್ಮನಿಗೆ ಫೋನ್ ಮಾಡಿದೆ.

ಹುಣ್ಣಿಮೆಯ ದಿನವೇ ಮದುವೆಯಾಯಿತು. ಗಟ್ಟಿಮೇಳಕ್ಕೆ ಮುಂದಿನ ಸಾಲಿನಿಂದ ಮೊದಲ ಅಕ್ಷತೆ ಹಾರಿದ್ದು ಮೇಡಂ ಕೈಯಿಂದ. ಚಿಕ್ಕಪ್ಪನ ಟೆಂಪೋ ಬಂದಾಗ ಅವರೇ ಬಾಗಿಲಿಗೆ ಹೋಗಿ, ಒಬ್ಬೊಬ್ಬರನ್ನೂ ಕೈಹಿಡಿದು ಇಳಿಸಿಕೊಂಡರು. ಛತ್ರ ನಡುಗಿದ್ದು ಗಂಡಿನ ಕಡೆಯ ಹುಡುಗರು ತಮಟೆಗೆ ಕುಣಿದಾಗ ಮಾತ್ರ. ಮೇಡಂ ಅವರಷ್ಟು ಹೆಮ್ಮೆಯಿಂದ ಯಾರೂ ಸೋತದ್ದನ್ನು ನಾನು ಕಂಡಿಲ್ಲ. ಆಮೇಲೂ ಪಾರ್ಕಿನಲ್ಲಿ ಮೊಬೈಲು ತೆಗೆಯುತ್ತಿದ್ದರು, ಕುಸಿದ ಕಂಬವನ್ನು ತೋರಿಸುವುದಕ್ಕೆ.

ಕಳೆದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಅವತ್ತು ಹುಣ್ಣಿಮೆಯಾಗಿತ್ತು. ನೋಡಲು ಬಂದವರೆಲ್ಲ ಅದನ್ನೇ ಹೇಳಿದರು: ಹುಣ್ಣಿಮೆ ಮೇಡಂ ಹುಣ್ಣಿಮೆಗೇ ಹೋದರು, ಚಂದ್ರನೇ ಕರೆದುಕೊಂಡ. ಮೂಲೆಯಲ್ಲಿ ಕೂತಿದ್ದ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಕನ್ನಡಕವನ್ನು ಹಣೆಯ ಮೇಲೆ ಏರಿಸಿದಳು.

“ನಮ್ಮ ಜೊತೆ ನಗ್ತಾ ಕೂತಿದ್ದ ಹುಣ್ಣಿಮೆ ಎಷ್ಟು? ಅದನ್ನ ಯಾರು ಎಣಿಸ್ತಾರೆ?”