ಮೀನು ಮಾರಿದವಳು ಗಾಳ ಹಿಡಿದದ್ದು

ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ನಲವತ್ತು ವರ್ಷ ಕಾಪು, ಎರ್ಮಾಳಿನ ಮನೆ ಮನೆ ತಿರುಗಿದವಳು ನಾನು. ಕಿವಿರು ಎತ್ತಿ ನೋಡಿದರೆ ಸಾಕು, ಮೀನು ಇವತ್ತಿನದೋ ನಿನ್ನೆಯದೋ ಹೇಳುತ್ತೇನೆ. ಆದರೆ ಜೀವಮಾನದಲ್ಲಿ ಒಂದು ಮೀನೂ ಹಿಡಿದವಳಲ್ಲ. ನಮ್ಮಲ್ಲಿ ಹಿಡಿಯುವುದು ಗಂಡಸರು, ಮಾರುವುದು ಹೆಂಗಸರು. ಹಿಡಿಯಬೇಡ ಎಂದು ಯಾರೂ ತಡೆದದ್ದಲ್ಲ, ಪುರುಸೊತ್ತು ಇರಲಿಲ್ಲ ಅಷ್ಟೆ. ಕಳೆದ ವರ್ಷ ಮಣಿಪಾಲದ ಡಾಕ್ಟರು ಮೊಣಕಾಲು ಒತ್ತಿ ನೋಡಿ, ಇನ್ನು ತಲೆಹೊರೆ ಬೇಡ ಎಂದರು. ಬುಟ್ಟಿ ಕೆಳಗಿಟ್ಟೆ. ಪುರುಸೊತ್ತು ಬಂತು.

ಪಕ್ಕದ ಮನೆಯಲ್ಲಿ ನನ್ನ ತಮ್ಮ ಇದ್ದಾನೆ, ದುಬೈಯಲ್ಲಿ ದುಡಿದು ಬಂದವನು. ಅಲ್ಲಿಂದ ತಂದ ಉದ್ದದ ಗಾಳದ ಕೋಲು, ರೀಲು ಹಿಡಿದುಕೊಂಡು ದಿನಾ ಬೆಳಿಗ್ಗೆ ಕಡಲಬದಿಗೆ ಹೋಗುತ್ತಾನೆ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ ಒಂದು ದಿನ ಅವನು ತಂದ ಕಾಣೆ ಮೀನು ನೋಡಿ, "ಇಷ್ಟು ಸಣ್ಣದಕ್ಕೆ ಬೆಳಿಗ್ಗೆಯಿಡೀ ನಿಂತದ್ದಾ?" ಎಂದೆ.

"ಅಕ್ಕ, ನೀನು ಮಾರಿದ್ದು ಮಾತ್ರ. ಒಂದು ಹಿಡಿದು ತೋರಿಸು, ಮತ್ತೆ ಮಾತಾಡು."

ಸಿಟ್ಟು ಬಂತು. ನನ್ನ ಕೈಯಾರೆ ಒಂದು ಮೀನು ಹಿಡಿಯುವವರೆಗೆ ಮೀನು ತಿನ್ನುವುದಿಲ್ಲ ಎಂದು ಸೊಸೆಯ ಎದುರೇ ಹೇಳಿಬಿಟ್ಟೆ.

"ಅತ್ತೆ, ಮೀನಿಲ್ಲದೆ ನಿಮಗೆ ಅನ್ನ ಇಳಿಯಲಿಕ್ಕುಂಟಾ? ಯೋಚನೆ ಮಾಡಿ ಹೇಳಿ" ಎಂದಳು ಅವಳು.

ಯೋಚನೆ ಮಾಡಿದ್ದರೆ ಹೇಳುತ್ತಿರಲಿಲ್ಲ.

ಮರುದಿನ ತಮ್ಮ ತನ್ನ ಎರಡನೇ ಕೋಲು ನನ್ನ ಕೈಗೆ ಕೊಟ್ಟ. ತಂಗೂಸಿನ ನೈಲಾನ್ ದಾರವನ್ನು ಬೆರಳಿಗೆ ಸಿಕ್ಕಿಸಿಕೊಂಡು, ಕೋಲು ಬೀಸಿ, ಸರಿಯಾದ ಹೊತ್ತಿಗೆ ಬೆರಳು ಬಿಡಬೇಕು. ಮೊದಲ ಸಲ ದಾರದ ತುದಿಗೆ ಭಾರಕ್ಕೆ ಕಟ್ಟಿದ ಸೀಸದ ಗುಂಡು ನನ್ನ ಬೆನ್ನ ಹಿಂದೆ ಬಿತ್ತು. ಎರಡನೇ ಸಲ ಕಾಲಬುಡದಲ್ಲಿ. ಮೂರನೇ ಸಲ ದಾರ ಸುಯ್ಯೆಂದು ಓಡಿ ಗುಂಡು ಅಲೆಯ ಆಚೆ ಬಿದ್ದಾಗ ನನಗೇ ತಿಳಿಯದೆ ಕೂಗಿಬಿಟ್ಟೆ. ಅಷ್ಟು ದೂರಕ್ಕೆ ಯಾವ ವಸ್ತುವನ್ನೂ ನಾನು ಅದುವರೆಗೆ ಎಸೆದದ್ದಿಲ್ಲ. ಸೀರೆ ಮೊಣಕಾಲಿನವರೆಗೆ ನೆನೆದದ್ದೂ ಗೊತ್ತಾಗಲಿಲ್ಲ. ಎಳೆದು ಮತ್ತೆ ಎಸೆದೆ, ಇನ್ನೂ ದೂರಕ್ಕೆ.

"ಗಾಳವನ್ನು ದುಬೈಗೆ ಎಂತಕ್ಕೆ ಕಳಿಸುವುದು ಮಾರಾಯ್ತಿ? ಮೀನು ಇಲ್ಲೇ ಉಂಟು" ಎಂದ ತಮ್ಮ. ಅಲೆ ಒಂದು ಸಲ ಒಡೆದು ಮತ್ತೆ ಏಳುವ ನಡುವೆ ಸ್ವಲ್ಪ ಆಳದ ಓಣಿ ಇರುತ್ತದೆ, ನೀರಿನ ಬಣ್ಣ ಅಲ್ಲಿ ಕಪ್ಪು. ಕಾಣೆ ತಿರುಗುವುದು ಅಲ್ಲಿ. ಇಷ್ಟು ವರ್ಷ ಅದೇ ಮರಳಿನ ಮೇಲೆ ನಡೆದು ಹೋದ ನಾನು ಆ ಓಣಿಯನ್ನು ನೋಡಿರಲೇ ಇಲ್ಲ.

ಆದರೆ ಮೀನು ಸಿಗಲಿಲ್ಲ. ಅಲೆ ಎಳೆದರೂ ಮೀನೆಂದು ರೀಲು ಸುತ್ತುತ್ತಿದ್ದೆ. ಎಂಟು ದಿನ ಹಾಗೇ ಹೋಯಿತು. ಹತ್ತು ಹೆಜ್ಜೆ ಆಚೆ ನಿಂತ ತಮ್ಮನ ಬಾಲ್ದಿಯಲ್ಲಿ ಮೂರು ನಾಲ್ಕು ಬೀಳುತ್ತಿತ್ತು, ನನ್ನದರಲ್ಲಿ ಬರೀ ಮರಳು. ಮನೆಗೆ ಬಂದರೆ ನನಗೆ ಗಂಜಿ, ಉಪ್ಪಿನಕಾಯಿ. ಸೊಸೆ ಬಂಗುಡೆ ಹುರಿಯುವಾಗ ನಾನು ಹಿತ್ತಿಲಿಗೆ ಹೋಗಿ ಕೂರುತ್ತಿದ್ದೆ. ಆದರೂ ಬೆಳಗಾದರೆ ಮೊದಲು ಏಳುವವಳು ನಾನೇ, ತಮ್ಮನ ಬಾಗಿಲು ಬಡಿಯುವವಳೂ ನಾನೇ.

ಒಂಬತ್ತನೇ ದಿನ ಅವನ ಎರೆ ಮುಗಿಯಿತು. ಗಾಳಕ್ಕೆ ಸಿಕ್ಕಿಸಲು ಒಂದೆರಡು ಸಿಗಡಿ ಕೊಡು ಎಂದು ಬಂದವನು, ನಾನು ದಿನಾ ಮನೆಯಿಂದ ತರುತ್ತಿದ್ದ ಸಿಗಡಿ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ.

"ಅಕ್ಕ, ಇದಕ್ಕೆ ಅರಶಿನ ಹಾಕಿದ್ದೀಯಾ?"

"ಮತ್ತೆ? ಸಿಪ್ಪೆ ಸುಲಿದು ಅರಶಿನ, ಉಪ್ಪು ಹಾಕಿ ಮೂರು ನೀರಲ್ಲಿ ತೊಳೆದದ್ದು. ಇಲ್ಲದಿದ್ದರೆ ವಾಸನೆ ಹೋಗ್ತದಾ?"

ತಮ್ಮ ಮರಳಿನ ಮೇಲೆ ಕುಳಿತು ನಕ್ಕ. "ಆ ವಾಸನೆಗೇ ಮೀನು ಬರುವುದು. ನೀನು ಕಾಣೆಗೆ ಊಟಕ್ಕೆ ಹೇಳಿಕೆ ಕೊಟ್ಟದ್ದಾ? ತೆಂಗಿನಕಾಯಿ ಒಂದು ಬಾಕಿ ಅಲ್ವಾ."

ಮೀನು ಕೊಂಡವರಿಗೆಲ್ಲ ಹಾಗೆ ತೊಳೆಯಿರಿ ಎಂದು ಹೇಳಿಕೊಟ್ಟವಳು ನಾನು. ಕೈ ತನ್ನಷ್ಟಕ್ಕೆ ಅದೇ ಕೆಲಸ ಮಾಡಿತ್ತು. ನಾಚಿಕೆಪಡಲಿಕ್ಕೆ ಹೊತ್ತಿರಲಿಲ್ಲ, ಬಿಸಿಲು ಏರುತ್ತಿತ್ತು. ಸಿಗಡಿಯನ್ನು ಕಾಗೆಗಳಿಗೆ ಎಸೆದೆ. ಅಲೆ ಹಿಂದೆ ಸರಿದಾಗ ಒದ್ದೆ ಮರಳಿನೊಳಗೆ ಇಳಿಯುವ ಸಣ್ಣ ಚಿಪ್ಪುಗಳನ್ನು ಕಾಲಬೆರಳಿನಿಂದ ಕೆದಕಿ ತೆಗೆದು, ಕಲ್ಲಿನಿಂದ ಒಡೆದು, ಒಳಗಿನ ಮಾಂಸವನ್ನು ತೊಳೆಯದೆ ಗಾಳಕ್ಕೆ ಚುಚ್ಚಿದೆ. ಕೈಯೆಲ್ಲ ನಾತ. ಕಪ್ಪು ನೀರಿನ ಓಣಿಗೆ ಎಸೆದು, ದಾರದ ಮೇಲೆ ಬೆರಳಿಟ್ಟು ನಿಂತೆ.

ಅಲೆ ಎಳೆಯುವುದು ನಿಧಾನ. ಇದು ಹಾಗಲ್ಲ. ಟಕ್, ಟಕ್ ಎಂದು ಬೆರಳಿಗೆ ಕುಟ್ಟಿತು.

"ಬಂತು ಬಂತು, ನೀನು ದೂರ ನಿಲ್ಲು" ಎಂದು ತಮ್ಮನಿಗೇ ಬೈದೆ. ಅವನು ಹತ್ತಿರ ಬಂದಿರಲೇ ಇಲ್ಲ.

ರೀಲು ಸುತ್ತುತ್ತಾ ಹಿಂದೆ ಹಿಂದೆ ನಡೆದೆ. ಮೊಣಕಾಲು ನೋವಿನ ನೆನಪೇ ಇಲ್ಲ. ಅಲೆಯ ನೊರೆಯೊಳಗಿನಿಂದ ಬೆಳ್ಳಗೆ ಹೊಳೆಯುತ್ತಾ ಮರಳಿನ ಮೇಲೆ ಜಾರಿ ಬಂತು ಒಂದು ಕಾಣೆ, ಗೇಣುದ್ದ. ಸಾವಿರಗಟ್ಟಲೆ ಕಾಣೆ ಮುಟ್ಟಿದ್ದೇನೆ, ಎಲ್ಲ ಸತ್ತದ್ದು. ಇದು ಅಂಗೈಯೊಳಗೆ ಒದ್ದಾಡಿತು.

"ಇಷ್ಟು ಸಣ್ಣದಾ?" ಎಂದ ತಮ್ಮ.

"ಬಾಯಿ ಮುಚ್ಚು."

ಮನೆಗೆ ಬಂದು ನಾನೇ ಹುರಿದೆ. ಯಾರಿಗೂ ಪಾಲು ಕೊಡಲಿಲ್ಲ. ನಾಲ್ಕು ತುತ್ತಿಗೆ ಅದು ಮುಗಿಯಿತು. ಆಮೇಲೆ ಸೊಸೆ ಮಾಡಿಟ್ಟ ಬಂಗುಡೆ ಸಾರಿನ ಪಾತ್ರೆಯನ್ನೇ ಹತ್ತಿರ ಎಳೆದುಕೊಂಡು, ಇನ್ನೆರಡು ಸೌಟು ಅನ್ನ ಬಡಿಸು ಎಂದೆ.