ಟೈಲರ್ ಅತ್ತೆ ಮತ್ತು ಒಂದೇ ತೂತಿನ ಹಠ

ಮೊದಲೇ ಹೇಳಿಬಿಡುತ್ತೇನೆ, ಎಡಗೈಯ ಕಥೆ ಕೇಳದೆ ನಮ್ಮ ಟೈಲರ್ ಅತ್ತೆಯನ್ನು ಬರೀ ಬಾಯಿಬಡುಕಿ ಅಂದುಕೊಳ್ಳಬೇಡಿ. ಬೀದಿಗೆಲ್ಲ ಅವರು ಅತ್ತೆಯೇ. ಮೆಟ್ಟಿಲ ಕೆಳಗಿನ ಅಂಗಡಿ, ಒಂದು ಮಷಿನ್, ಬಗ್ಗಿದರೆ ತಲೆಗೆ ತಾಗುವ ಬಲ್ಬು. ಕಿಡ್ನಿ ಕೈಕೊಟ್ಟು ಏಳು ವರ್ಷ. ವಾರಕ್ಕೆ ಮೂರು ದಿನ ಡಯಾಲಿಸಿಸ್. ರಕ್ತ ಜೋರಾಗಿ ಬರಲೆಂದು ಎಡಗೈಯಲ್ಲಿ ಎರಡು ರಕ್ತನಾಳ ಜೋಡಿಸಿದ್ದಾರೆ, ಫಿಸ್ಟುಲಾ ಅಂತ. ಮುಟ್ಟಿದರೆ ಬೆಕ್ಕು ಗುರುಗುಟ್ಟಿದ ಹಾಗೆ ಅದುರುತ್ತದೆ; ಆ ಸದ್ದು ನಿಂತರೆ ಫಿಸ್ಟುಲಾ ಕೆಟ್ಟಿತು ಅಂತ.

ಹೊಲಿಗೆ ಕಲಿಯಲು ಬಂದವರಿಗೆಲ್ಲ "ಒಂದೇ ತೂತಿಗೆ ಮತ್ತೆ ಮತ್ತೆ ಸೂಜಿ ಹಾಕಿದ್ರೆ ಬಟ್ಟೆ ಸತ್ತೋಗತ್ತೆ" ಅಂತ ಬೈಯುವ ಅತ್ತೆ, ಆಸ್ಪತ್ರೆಯಲ್ಲಿ ಮಾತ್ರ "ಹಳೇ ಜಾಗಕ್ಕೇ ಚುಚ್ಚು ತಾಯೀ, ಅಲ್ಲಿ ನೋಯಲ್ಲ" ಅಂತ ಸಿಸ್ಟರ್‌ಗೆ ಪೂಸಿ ಹೊಡೆಯುತ್ತಿದ್ದರು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ! ಕೊನೆಗೆ ಚುಚ್ಚಿದಲ್ಲೇ ರಕ್ತನಾಳ ಊದಿ ಕೈಮೇಲೆ ಎರಡು ಬದನೆಕಾಯಿಯೇ ಬಿಟ್ಟವು. ಚರ್ಮ ತೆಳ್ಳಗಾಗಿ ಮಿರಮಿರ ಹೊಳೆಯತೊಡಗಿತು.

ಸರ್ಜನ್ ನೋಡಿದರು. "ಇದು ಒಡೆದ್ರೆ ರಕ್ತ ನಿಲ್ಲಿಸೋದು ಕಷ್ಟ ಅಮ್ಮ. ಹಿಗ್ಗಿರೋದನ್ನ ಕತ್ತರಿಸಿ, ಸಣ್ಣ ಮಾಡಿ ಹೊಲೀತೀನಿ. ಆದ್ರೆ ಒಳಗೆ ಹೆಪ್ಪುಗಟ್ಟಿದ್ರೆ ಫಿಸ್ಟುಲಾ ಹೋಯ್ತು ಅಂತ್ಲೇ ಲೆಕ್ಕ."

"ಹೋದ್ರೆ?"

"ಸದ್ಯಕ್ಕೆ ಕುತ್ತಿಗೆಗೆ ಟ್ಯೂಬು. ಆಮೇಲೆ ಬಲಗೈಲಿ ಹೊಸದು."

ಬಲಗೈ! ಕತ್ತರಿ ಹಿಡಿಯುವ ಕೈ. ಅತ್ತೆ ಅದನ್ನು ಸೆರಗಿನೊಳಗೆ ಎಳೆದುಕೊಂಡು, ಎಡಗೈಯನ್ನು ಸರ್ಜನ್ ಮುಂದೆ ಚಾಚಿದರು.

ಕೈಯಷ್ಟೇ ಮರಗಟ್ಟಿಸಿ ಆಪರೇಷನ್. ಪರದೆಯ ಈಚೆ ಎಚ್ಚರವಾಗಿದ್ದವರು ಸುಮ್ಮನಿರುತ್ತಾರಾ?

"ಡಾಕ್ಟ್ರೇ, ತುಂಬಾ ಬಿಗಿ ಹಿಡೀಬೇಡಿ. ಆಮೇಲೆ ಬಿಚ್ಚಿ ಸಡಿಲ ಮಾಡೋಕಾಗಲ್ಲ."

"ಒಳಗೆ ಅಳತೆ ಕೊಳವೆ ಇಟ್ಕೊಂಡೇ ಹೊಲೀತಿದ್ದೀನಮ್ಮ."

"ಹಂಗಾದ್ರೆ ಸರಿ. ಕಣ್ಣಳತೆಯೋರನ್ನ ನಾನು ನಂಬಲ್ಲ."

ವಾರ್ಡಿಗೆ ತಂದಾಗ ಮಾವ ಬ್ಯಾಂಡೇಜಿನ ಪಕ್ಕ ಕಿವಿಯಿಟ್ಟು, "ಇದೆ ಕಣೇ, ಗುಂಯ್ ಅಂತಿದೆ!" ಅಂದರು.

"ಕುಕ್ಕರ್ ಕೂಗಿದ್ದೇ ಕೇಳಲ್ಲ ನಿಮಗೆ, ಇದು ಕೇಳಿಸ್ತಾ? ಸಿಸ್ಟರ್‌ನ ಕರೀರಿ."

ಸಿಸ್ಟರ್ ಸ್ಟೆತೊಸ್ಕೋಪ್ ಇಟ್ಟು, ನಕ್ಕು, ಅದನ್ನೇ ಅತ್ತೆಯ ಕಿವಿಗೆ ಹಾಕಿದರು. ಅತ್ತೆ ಐದು ನಿಮಿಷ ವಾಪಸ್ ಕೊಡಲೇ ಇಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ಮಾತ್ರ "ಸ್ವಲ್ಪ ತಡೀರೇ, ಇನ್ನೂ ಕೇಳ್ತಿದ್ದೀನಿ."

ಎರಡು ದಿನ ಬಿಟ್ಟು ಡಯಾಲಿಸಿಸ್. ಹೊಲಿದ ಕಡೆ ಬಿಟ್ಟು, ಮೇಲೆ ಹೊಸ ಜಾಗಕ್ಕೆ ಸೂಜಿ.

"ಅಯ್ಯಯ್ಯೋ, ಕೊಂದ್ಯಲ್ಲೇ!"

"ಎಷ್ಟು ಬೇಕಾದ್ರೂ ಕಿರುಚಿ ಅಮ್ಮ. ನಾಳಿದ್ದು ಇನ್ನೊಂದು ಜಾಗ," ಅಂದರು ಸಿಸ್ಟರ್.

ನಾಲ್ಕು ಗಂಟೆ ಮಷಿನ್ ಒಂದು ಸಲವೂ ತಕರಾರು ಮಾಡಲಿಲ್ಲ. ಟ್ಯೂಬು ತಪ್ಪಿತು, ಬಲಗೈ ಉಳಿಯಿತು.

ಈಗ ಸಿಕ್ಕವರಿಗೆಲ್ಲ ಗಾಯ ತೋರಿಸಿ, "ಡಾಕ್ಟ್ರ ಕೈ ಪರವಾಗಿಲ್ಲ, ಅಂಚು ಮಾತ್ರ ಸ್ವಲ್ಪ ಸೊಟ್ಟ" ಅನ್ನುತ್ತಾರೆ. ಡಯಾಲಿಸಿಸ್ ಇಲ್ಲದ ದಿನ ನೀವೂ ಹೋಗಿ ಮಾತಾಡಿಸಿ ಬನ್ನಿ. ಹೊಲಿಸೋಕೆ ಏನಾದರೂ ಒಯ್ಯಿರಿ ಮತ್ತೆ. ಬರಿಗೈಲಿ ಬಂದವರನ್ನು ಗುಂಡಿ ಹಚ್ಚೋಕೆ ಕೂರಿಸಿಬಿಡುತ್ತಾರೆ!