ಆವರಣದೊಳಗಿನ ಹೆಸರು

ಬ್ರೆಜಿಲ್‌ನ ಒಂದು ಜೀರುಂಡೆಗೆ ಮೊದಲು ಹೆಸರಿಟ್ಟವರು ನಮ್ಮ ಯಜಮಾನರು. ಅವರು ತೀರಿಕೊಂಡ ಮರುವರ್ಷ, ಆಸ್ಟಿನ್‌ನಲ್ಲಿ ಅವರ ಜೊತೆ ಕೆಲಸ ಮಾಡುತ್ತಿದ್ದ ಧಾರವಾಡದ ಮಹಿಳೆ ಅದನ್ನು ಬೇರೆ ಕುಲಕ್ಕೆ, ಅಂದರೆ ಬೇರೆ ಜೀನಸ್‌ಗೆ, ಸೇರಿಸಿದರು. ಅದನ್ನು ತಿಳಿಸಲು ಆಕೆ ಆಸ್ಟಿನ್‌ನಿಂದ ಕೇಟಿ ಎಂಬ ಊರಿನ ನಮ್ಮ ಮನೆಗೇ ಬಂದರು. ಯಜಮಾನರ ವಾರವೆಲ್ಲ ಆಕೆಯ ಪಕ್ಕದ ಮೇಜಿನಲ್ಲಿ ಕಳೆದಿತ್ತು. ನನಗೆ ಸಿಕ್ಕಿದ್ದು ಶನಿವಾರ, ಭಾನುವಾರ ಮಾತ್ರ.

“ಇನ್ನು ಜೀರುಂಡೆಯ ಹೆಸರಿನ ಮುಂದೆ, ಅವರ ಹೆಸರಿನ ಪಕ್ಕ ನಿಮ್ಮ ಹೆಸರೂ ಬರುತ್ತಾ?” ಎಂದೆ.

“ಇಲ್ರಿ ವೈನಿ. ಕುಲ ಬದಲಾದ್ರ ಮೊದಲು ಹೆಸರಿಟ್ಟವರನ್ನ ಬ್ರಾಕೆಟ್‌ನಾಗ ಹಾಕ್ತೀವಿ. ಬದಲಿಸಿದವರ ಹೆಸರು ಅಲ್ಲಿ ಬರೂದಿಲ್ಲ.”

“ನೀವು ಇಷ್ಟು ಕಷ್ಟಪಟ್ಟರೂ?”

“ಹೂಂ, ಪಟ್ರೂ.”

ಅಲ್ಲಿಯವರೆಗೆ ಬರೀ ನೀರು ಕೊಟ್ಟಿದ್ದ ನಾನು, ಕಾಫಿಗೆ ಹಾಲು ಕಾಯಿಸಲು ಎದ್ದೆ.